ಮದ್ದು ಎಂಬ ಒಂದು ಮಾತು

ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದೆ. ಮಗ್ಗುಲ ಮನೆಯ ಗೌಡತಿ ಹಿತ್ತಲ ಬಾಗಿಲಿನಿಂದ ಬಂದು, "ಅವ್ವಾರ, ನಿಮ್ಮ ಮನಿಯವರನ್ನ ಟಪಾಲ ಕಚೇರಿ ಮುಂದ ಹಿಡದು ಬಡ್ಯಾಕತ್ತಾರ. ನಿಮಗ ಬಂದ ಕಾಗದ ಒಡದು ಓದ್ಯಾರಂತ," ಎಂದಳು.

ಆಗ ಸರಕಾರದ ವಿರುದ್ಧ ಚಳವಳಿ ಎದ್ದಿತ್ತು, ಮಾನ್ವಿಯಲ್ಲಿ ಟಪಾಲು ಪೊಲೀಸರ ಕೈ ದಾಟಿಯೇ ಬರುತ್ತಿತ್ತು. ಅದರ ಮೇಲೆ ಮನೆಯಲ್ಲಿ ದಿನಾ ವಾದ. "ತಪ್ಪಿಲ್ಲದವರ ಕಾಗದ ಓದಿದ್ರ ಓದ್ಲಿ ಬಿಡೋ," ಎನ್ನುವರು ಮಾವನವರು. "ನಾಳೆ ಅಡಗಿಮನಿಗೂ ಬರ್ತಾರ, ಅವಾಗೂ ಬಿಡೋ ಅನ್ರಿ," ಎನ್ನುವರು ಶಾಲೆಯ ಮಾಸ್ತರರಾಗಿದ್ದ ನಮ್ಮ ಮನೆಯವರು.

ಆ ಕಾಗದ ದೇವದುರ್ಗದಲ್ಲಿ ವೈದ್ಯನಾಗಿದ್ದ ನಮ್ಮಣ್ಣನದು. ಅತ್ತೆಯವರ ಕೆಮ್ಮಿಗೆ ಲೇಹ್ಯ ಕಳಿಸಿ, "ಮದ್ದು ಬಂಡಿಯವನ ಕೂಡ ಕಳಿಸಿದ್ದೇನೆ, ಒಲೆಯ ಹತ್ತಿರ ಇಡಬೇಡಿ" ಎಂದು ಬರೆದಿದ್ದ. ಕೆಮ್ಮಿಗೆ ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಓದಿದವರು ಬಂದೂಕಿನದೇ ಎಂದುಕೊಂಡರು.

ನಾನು ಏಳುವಷ್ಟರಲ್ಲಿ ಜಮಾದಾರನೂ ಮೂವರು ಜವಾನರೂ ಇವರನ್ನು ಎಳೆದು ತಂದರು. ಹಣೆ ಒಡೆದು ಅಂಗಾರ ಅಕ್ಷತೆ ರಕ್ತದಲ್ಲಿ ಕಲಸಿಹೋಗಿತ್ತು. "ಮನಿ ಹುಡುಕೂದಕ್ಕ ವಾರಂಟು ತೋರಸ್ರಿ," ಎಂದು ಇವರು ಅಂದದ್ದೇ ತಡ, ಜವಾನನೊಬ್ಬ ಬಂದೂಕಿನ ಹಿಡಿಯಿಂದ ಬಲ ಮುಂಗೈಗೆ ಹೊಡೆದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಇನ್ನೊಬ್ಬ ಪಕ್ಕೆಗೆ ಒದ್ದ. ಬೂಟುಗಾಲಲ್ಲೇ ಅಡುಗೆಮನೆಗೆ ನುಗ್ಗಿ ಗಡಿಗೆಗಳನ್ನು ಒಡೆದರು, ದೇವರ ಪೆಟ್ಟಿಗೆಯನ್ನು ಬೋರಲು ಹಾಕಿದರು.

"ಮದ್ದು ಎಲ್ಲದ ಹೇಳಲೇ, ಇಲ್ಲಾಂದ್ರ ಇಲ್ಲೇ ಮುಗಸ್ತೀನಿ," ಎಂದು ಜಮಾದಾರ ಇವರ ಎದೆಗೆ ಬಂದೂಕಿಟ್ಟ.

ಅತ್ತೆಯವರು ಕೆಮ್ಮುತ್ತ ಗೂಡಿನೊಳಗಿನ ಭರಣಿ ತಂದರು. "ಇದೇ ಮದ್ದು. ಹಾರತದೋ ಇಲ್ಲೋ ನೋಡಪಾ," ಎಂದು ಒಂದು ಉಂಡಿಯಷ್ಟು ಬಾಯಿಗೆ ಹಾಕಿ ನುಂಗಿದರು. ಜವಾನನೊಬ್ಬನಿಗೆ ನಗು ಬಂತು. ಜಮಾದಾರನಿಗೆ ಬರಲಿಲ್ಲ. ಭರಣಿಯನ್ನು ಗೋಡೆಗೆ ಬಡಿದು, ಮುರಿದ ಕೈಯನ್ನೇ ಇನ್ನೊಮ್ಮೆ ತುಳಿದು ಹೋದ. ಹೋದನಲ್ಲ, ಇವರನ್ನು ಬಿಟ್ಟು ಹೋದನಲ್ಲ, ಅಷ್ಟು ಪ್ರಾಣದೇವರ ದಯೆ. ಎಡಗೈಗೆ ಏನೂ ಆಗಿರಲಿಲ್ಲ, ಅದೂ ದಯೆಯೇ.

ವಾರದ ಮೇಲೆ ಮಾವನವರು ರಾಯಚೂರಿನಿಂದ ಎರಡು ಪತ್ರಿಕೆ ತಂದರು. ಸರಕಾರದ ಕಡೆಯದರಲ್ಲಿ ಮಾನ್ವಿಯ ಮಾಸ್ತರನ ಮನೆಯಲ್ಲಿ ಮದ್ದುಗುಂಡು ಸಿಕ್ಕಿತೆಂದಿತ್ತು. ಧೋತರದ ಮಡಿಕೆಯಲ್ಲಿ ಅಡಗಿಸಿ ತಂದ ಚಳವಳಿಯವರ ಇನ್ನೊಂದರಲ್ಲಿ ನಮ್ಮ ಮನೆಯನ್ನೇ ಸುಟ್ಟರೆಂದಿತ್ತು. ಮುರಿದ ಕೈ ಎರಡರಲ್ಲೂ ಇರಲಿಲ್ಲ.

"ಇದಾದ್ರೂ ನಮ್ಮ ಕಡಿದು ಅದಲ್ಲ," ಎಂದರು ಮಾವನವರು.

"ನಮ್ಮ ಕಡಿ ಆದ್ರೇನ್ರಿ ಅಪ್ಪಾ, ಸುಳ್ಳು ಸುಳ್ಳೇ. ಸುಟ್ಟ ಮನ್ಯಾಗ ಕೂತು ಉಣ್ಣಾಕತ್ತೀವೇನು?"

ವಾದ ಬೆಳೆಯಿತು. ತಟ್ಟೆ ಇವರ ಮುಂದಿತ್ತು, ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಉಣ್ಣಲು ಇವರು ಒಪ್ಪರು. ನಾನು ಅನ್ನಕ್ಕೆ ಸಾರು ಹಾಕಿ ಕಲಸಿ, ತುತ್ತು ಮಾಡತೊಡಗಿದೆ.