ಬೈಗುಳದಿಂದ ಹುಟ್ಟಿದ ಹಾಡು

ಗ್ಯಾರೇಜಿನ ಹಿಂಬದಿಯಲ್ಲಿ ಕೂತು ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಹೆಂಗಸು ಒಂದು ಕಾಲದಲ್ಲಿ ಹೆಸರಾಂತ ಹಾಡುಗಾರ್ತಿಯಾಗಿದ್ದಳು ಎಂದರೆ ಹೊಸ ಗಿರಾಕಿಗಳು ನಂಬುತ್ತಿರಲಿಲ್ಲ. ಗ್ಯಾರೇಜು ಅವಳ ತಮ್ಮನದು. ಅವನು ಅಕ್ಕ ಎನ್ನುತ್ತಿದ್ದುದರಿಂದ ಅಲ್ಲಿದ್ದವರಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹತ್ತಾರು ವರ್ಷಕ್ಕೆ ದೊಡ್ಡವನಾದ ಪೇಂಟರಿಗೂ ಸಹ.

ತಮ್ಮ ಬೆಳೆದದ್ದೇ ಅವಳ ಹಾಡು ಕೇಳುತ್ತ. ಮದುವೆ ಮನೆಯಿರಲಿ, ಹೋಟೆಲಿನ ಪಾರ್ಟಿಯಿರಲಿ, ಕಾರ್ಖಾನೆಯ ವಾರ್ಷಿಕೋತ್ಸವವಿರಲಿ, ಆರ್ಕೆಸ್ಟ್ರಾದ ಮುಂದೆ ನಿಲ್ಲುವವಳು ಅವಳು. ಮೇಲಿನ ಸ್ವರಕ್ಕೆ ಹೋಗಿ ಇಳಿಯುವುದೆಂದರೆ ಬೆಣ್ಣೆಯಿಂದ ಕೂದಲೆಳೆ ತೆಗೆದಷ್ಟು ಸಲೀಸು. ನಲವತ್ತು ದಾಟಿದ ಮೇಲೆ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ದನಿಯ ನರ ಗಂಟಿಗೆ ಅಂಟಿಕೊಂಡಿದೆ, ಜೀವಕ್ಕೆ ಭಯವಿಲ್ಲ, ದನಿಯ ಬಗ್ಗೆ ಮಾತ್ರ ಏನೂ ಹೇಳಲಾರೆ ಎಂದು ಡಾಕ್ಟರು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿದ್ದರು. ಜೀವ ಉಳಿಯಿತು. ಆದರೆ ಬಾಯಿ ತೆರೆದರೆ ಜಲ್ಲಿಯ ಮೇಲೆ ತಗಡು ಎಳೆದಂಥ ಸದ್ದು. ಕೆಲವೊಮ್ಮೆ ನಡುವೆಯೇ ಸೀಳಿ ಎರಡು ದನಿಯಾಗುತ್ತಿತ್ತು. ಫೋನಿನಲ್ಲಿ ಎಲ್ಲರೂ ಅವಳನ್ನು ಸಾರ್ ಎನ್ನತೊಡಗಿದರು. ಅವಳು ಫೋನೆತ್ತುವುದನ್ನು ಬಿಟ್ಟಳು. ಆಮೇಲೆ ಹೆಚ್ಚುಕಡಿಮೆ ಮಾತನ್ನೂ ಬಿಟ್ಟಳು. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಇಲ್ಲಿ ಬಂದು ಹೊಲಿ ಎಂದು ತಮ್ಮನೇ ಹೊಲಿಗೆಯ ಯಂತ್ರ ತಂದಿಟ್ಟ.

ಹೀಗೆ ಕೆಲವು ವರ್ಷ ಕಳೆದವು. ಒಂದು ದಿನ ರಿಪೇರಿಗೆ ಬಂದ ಕಾರಿನ ಸ್ಪೀಕರಿನಲ್ಲಿ ಯಾವುದೋ ಹಾಡು ಕಿರುಚಿಕೊಳ್ಳುತ್ತಿತ್ತು. ಒರಟು ಗಿಟಾರು, ತಗಡು ಬಡಿದಂಥ ಡ್ರಮ್ಮು. ಪೇಂಟರ್ ಕೈಯಲ್ಲಿದ್ದ ಸ್ಪ್ರೇ ಗನ್ ಕೆಳಗಿಟ್ಟು ಕಿವಿ ನಿಮಿರಿಸಿ ನಿಂತ.

"ನಾವು ಹುಡುಗರಾಗಿದ್ದಾಗ ಬಾರಿಸ್ತಿದ್ದದ್ದು ಇಂಥದ್ದನ್ನೇ ಕಣಯ್ಯ," ಎಂದ ತಮ್ಮನಿಗೆ. "ಸತ್ತೇ ಹೋಯ್ತು ಅಂದ್ಕೊಂಡಿದ್ದೆ."

ಅವನ ಹರೆಯದಲ್ಲಿ, ಮನೆಯವರು ಗದ್ದಲ ತಡೆಯಲಾರದೆ ಹೊರಗೆ ಅಟ್ಟಿದ ಹುಡುಗರು ಕಾರು ನಿಲ್ಲಿಸುವ ಷೆಡ್ಡುಗಳಲ್ಲಿ ಸೇರಿ ಬಾರಿಸುತ್ತಿದ್ದರಂತೆ. ಅದಕ್ಕೇ ಗ್ಯಾರೇಜ್ ರಾಕ್ ಎಂಬ ಹೆಸರು. ಆಮೇಲೆ ಸ್ಟುಡಿಯೋಗಳು ಬಂದು ಹಾಡುಗಳೆಲ್ಲ ತೊಳೆದು ಇಸ್ತ್ರಿ ಮಾಡಿದ ಹಾಗಾದವು, ಷೆಡ್ಡುಗಳಲ್ಲಿ ಬರೀ ಕಾರುಗಳು ಉಳಿದವು. ಈಗ ಹೊಸ ತಲೆಮಾರಿಗೆ ಆ ಇಸ್ತ್ರಿಯೇ ಬೇಸರವಾಗಿ, ಬೀದಿಗೊಂದು ಷೆಡ್ಡಿನಲ್ಲಿ ಮತ್ತೆ ಗದ್ದಲ ಶುರುವಾಗಿತ್ತು.

ಪೇಂಟರ್ ಅಟ್ಟದಿಂದ ತನ್ನ ಹಳೆಯ ಗಿಟಾರು ಇಳಿಸಿದ. ಬ್ಯಾಟರಿ ಎಂದೇ ಎಲ್ಲರೂ ಕರೆಯುತ್ತಿದ್ದ ಎಲೆಕ್ಟ್ರಿಷಿಯನ್ ಬೇಸ್ ಗಿಟಾರು ಕಲಿತ. ತಮ್ಮ ಡ್ರಮ್ಸಿಗೆ ಕೂತ. ಗುಜರಿಯಿಂದ ತಂದ ಆಂಪ್ಲಿಫೈಯರಿನ ಸ್ಪೀಕರು ಹರಿದಿತ್ತು. ಹರಿದದ್ದರಿಂದಲೇ ಅದರ ಸದ್ದು ಚೆನ್ನಾಗಿದೆಯೆಂದು ಹಾಗೇ ಬಿಟ್ಟರು. ಭಾನುವಾರದ ಮಧ್ಯಾಹ್ನಗಳಲ್ಲಿ ಕಿವಿಗಡಚಿಕ್ಕುವ ಅಭ್ಯಾಸ ನಡೆಯುತ್ತಿತ್ತು. ಎಲ್ಲವೂ ಇತ್ತು, ಹಾಡುವವರು ಮಾತ್ರ ಇರಲಿಲ್ಲ. ಪೇಂಟರ್ ಹಾಡಿದರೆ ಬ್ಯಾಟರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ಭಾನುವಾರ ಅಕ್ಕನಿಗೆ ತುರ್ತಾಗಿ ಮುಗಿಸಬೇಕಾದ ಹೊಲಿಗೆಯಿತ್ತು. ಡ್ರಮ್ಮಿನ ಏಟಿಗೆ ಅವಳ ಕಾಲೂ ಗೊತ್ತಿಲ್ಲದೆ ಪೆಡಲ್ ಒತ್ತಿ, ನೇರ ಹೋಗಬೇಕಾದ ಹೊಲಿಗೆ ಹಾವಿನಂತೆ ಹರಿಯಿತು. ಎದ್ದು ಬಂದು ಕೈ ಬೀಸಿದಳು. ಯಾರೂ ನೋಡಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಬಾರಿಗೆ, ಹೊಟ್ಟೆಯೊಳಗಿನಿಂದ ಕಿರುಚಿದಳು:

"ನಿಲ್ಲಿಸ್ರೋ! ಸಾಕು ನಿಲ್ಲಿಸ್ರೋ! ನಿಮ್ಮ ಗದ್ದಲಕ್ಕಿಷ್ಟು ಬೆಂಕಿ ಹಾಕ!"

ಕಿರುಚಿದ್ದು ಸರಿಯಾಗಿ ತಾಳಕ್ಕೇ ಬಿತ್ತು. ದನಿ ನಡುವೆ ಸೀಳಿತು. ಸೀಳಿದ ಎರಡೂ ಎಳೆ ಗಿಟಾರಿನ ಸದ್ದಿನೊಳಗೆ ಹೊಕ್ಕು ಅದನ್ನೇ ಎತ್ತಿ ಹಿಡಿದಂತೆ ಕೇಳಿತು. ಮೂವರೂ ನಿಲ್ಲಿಸಿದರು. ಪೇಂಟರ್ ಬಹಳ ಮರ್ಯಾದೆಯಿಂದ ಕೇಳಿದ:

"ಅಕ್ಕಾ, ಇನ್ನೊಂದ್ಸಲ ಬೈತೀರಾ?"

ಬ್ಯಾಟರಿಗೆ ನಗು ಬಂತು. ಅಕ್ಕ ಕತ್ತಿನ ಗಾಯದ ಗುರುತಿನ ಮೇಲೆ ಶಾಲು ಎಳೆದುಕೊಂಡು ಹೊರಟುಹೋದಳು. ಮರುದಿನ ಕೆಲಸಕ್ಕೆ ಬರಲಿಲ್ಲ, ಅದರ ಮರುದಿನವೂ ಇಲ್ಲ.

ತಮ್ಮ ಅವಳ ಮನೆಗೆ ಹೋದ. ಬಾಗಿಲು ತೆಗೆದ ಭಾವ ಅಡುಗೆಮನೆಯ ಕಡೆ ಕಣ್ಸನ್ನೆ ಮಾಡಿದ. ಅಕ್ಕ ಬೆನ್ನು ತಿರುಗಿಸಿಕೊಂಡು ಪಾತ್ರೆ ಉಜ್ಜುತ್ತಿದ್ದಳು. ಯಾರೂ ಗೇಲಿ ಮಾಡಲಿಲ್ಲ, ಬ್ಯಾಟರಿ ಯಾವುದಕ್ಕಾದರೂ ನಗುವವನು ಎಂದು ತಮ್ಮ ಏನೇನೋ ಸಮಾಧಾನ ಹೇಳಿದ. ಅವಳು ತಿರುಗಲಿಲ್ಲ. ಕೊನೆಗೆ ಅವನು ಗೋಡೆಗೊರಗಿ ನಿಂತಾಗ ಅವಳೇ ಕೇಳಿದಳು:

"ನಿಜ ಹೇಳು. ಹೇಗಿತ್ತು?"

"ಹೆದರಿಕೆ ಆಯ್ತು ಅಕ್ಕಾ," ಎಂದ ತಮ್ಮ. "ನಿನ್ನ ಹಳೇ ಹಾಡು ಕೇಳಿ ಖುಷಿಪಟ್ಟಿದೀನಿ, ಅತ್ತಿದೀನಿ. ಹೆದರಿದ್ದು ಇದೇ ಮೊದಲು. ಎದುರಿಗೆ ಏನೋ ದೊಡ್ಡದು ಎದ್ದು ನಿಂತ ಹಾಗಾಯ್ತು."

ಅವಳು ನಲ್ಲಿ ನಿಲ್ಲಿಸಿದಳು. ಹಾಡಬೇಕೆನಿಸಿದಾಗಲೆಲ್ಲ ಈ ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಹಾಡಿಕೊಳ್ಳುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಯಾವತ್ತಿನಿಂದ ಎಂದು ತಮ್ಮ ಕೇಳಿದ. ಬ್ಯಾಂಡೇಜು ಬಿಚ್ಚಿದಾಗಿನಿಂದ ಎಂದಳು. ನಡುಮನೆಯಲ್ಲಿ ಭಾವ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ. ಅವನಿಗೆ ಇದು ಹೊಸ ಸುದ್ದಿಯಲ್ಲವೆಂದು ತಮ್ಮನಿಗೆ ತಿಳಿಯಿತು.

ಮುಂದಿನ ಭಾನುವಾರ ಅವಳು ಬಂದಳು. ಷಟರ್ ಎಳೆಯಬೇಕು, ಹೊರಗಿನವರು ಯಾರೂ ಇರಬಾರದು, ತನ್ನ ಮುಖ ಯಾರೂ ನೋಡಬಾರದು ಎಂದು ಮೊದಲೇ ತಾಕೀತು ಮಾಡಿದಳು. ಪೇಂಟರ್ ಗೋಡೆಗೆ ಮುಖ ಮಾಡಿ ನಿಂತ. ಬೈಗುಳದ ಆ ಸಾಲುಗಳಿಂದಲೇ ಶುರುಮಾಡಿದರು. ಮೊದಲು ಅವಳು ಹಳೆಯ ಅಭ್ಯಾಸದಿಂದ ದನಿಯನ್ನು ನಯ ಮಾಡಲು ಹೋಗಿ ಕೆಮ್ಮಿದಳು. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಏನನ್ನಿಸಿತೋ, ನಯ ಮಾಡುವುದನ್ನೇ ಕೈಬಿಟ್ಟಳು.

ದನಿ ನೆಲದಿಂದ ಎದ್ದಂತೆ ಎದ್ದಿತು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳು ಗಿಲಿಗಿಲಿ ಅಲುಗಿದವು, ಷಟರಿನ ತಗಡು ಗುಂಯ್‌ಗುಟ್ಟಿತು. ಕುಸಿದು ಬಿದ್ದುಹೋಗುತ್ತದೆ ಎನ್ನಿಸುವ ಕಡೆಯಲ್ಲೆಲ್ಲ ಅದು ಸೀಳಿ, ಸೀಳಿದ ಮೇಲೆ ಇನ್ನೂ ಮೇಲಕ್ಕೇರಿತು. ಆ ದನಿಯಲ್ಲಿ ಆಸ್ಪತ್ರೆಯ ಮಂಚವಿತ್ತು, ಎತ್ತದ ಫೋನುಗಳಿದ್ದವು, ಅವಳು ಯಾರಿಗೂ ಹೇಳದೆ ನುಂಗಿದ ಸಿಟ್ಟೆಲ್ಲ ಇತ್ತು. ತಮ್ಮನ ಕೈ ತಾನಾಗಿಯೇ ಬಾರಿಸುತ್ತಿತ್ತು. ಸಣ್ಣವನಿದ್ದಾಗ ಸಿಡಿಲಿಗೆ ಇವಳ ಹಿಂದೆ ಅಡಗುತ್ತಿದ್ದವನು, ಈಗ ಸಿಡಿಲಿನ ಬೆನ್ನಿಗೇ ಕೂತಂತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ, ಮುಚ್ಚಿಹೋದ ಬಟ್ಟೆ ಗಿರಣಿಯ ಗೋದಾಮಿನಲ್ಲಿ ಊರಿನ ಷೆಡ್ಡು ತಂಡಗಳೆಲ್ಲ ಒಂದು ಮಧ್ಯಾಹ್ನ ಸೇರಿದವು. ನೆರೆದವರೆಲ್ಲ ಅಕ್ಕನ ಮಕ್ಕಳಾಗಬಹುದಾದ ವಯಸ್ಸಿನವರು. ಸೀಟು ಕವರ್ ಹೊಲಿಯುವ ಹೆಂಗಸು ಮೈಕಿನ ಮುಂದೆ ಬಂದಾಗ, ಯಾರದೋ ಅಮ್ಮ ದಾರಿ ತಪ್ಪಿ ಬಂದಳೆಂದು ಕೆಲವರು ನಕ್ಕರು. ಅವಳಿಗೆ ಸೆಕೆಯಾಗುತ್ತಿತ್ತೋ, ಬೇರೇನೋ, ಶಾಲು ತೆಗೆದು ಆಂಪ್ಲಿಫೈಯರಿನ ಮೇಲೆ ಎಸೆದಳು. ಗಾಯದ ಗುರುತು ಎಲ್ಲರಿಗೂ ಕಂಡಿತು. ಆಮೇಲೆ ಹಾಡಿದಳು.

ಹಾಡು ಮುಗಿದಾಗ ಗೋದಾಮಿನಲ್ಲಿ ಸದ್ದೇ ಇರಲಿಲ್ಲ. ಕೆಲಸ ಕೆಟ್ಟಿತು ಎಂದುಕೊಂಡ ತಮ್ಮ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹಿಂದಿನಿಂದೆಲ್ಲೋ ಒಬ್ಬ ಚಪ್ಪಾಳೆ ಹೊಡೆದ, ನಂತರ ಇಡೀ ಗೋದಾಮು ಕಟ್ಟೆಯೊಡೆದಂತೆ ಭೋರ್ಗರೆಯಿತು.

ಡ್ರಮ್ಸನ್ನು ವ್ಯಾನಿಗೆ ಹೇರುವಾಗ ತಮ್ಮನಿಗೆ ಒಂದು ಕುತೂಹಲ ಕಾಡಿತು. ಹಿಂದೆ ಕೂತವನಿಗೆ ಅಕ್ಕನ ಬೆನ್ನು ಮಾತ್ರ ಕಂಡಿತ್ತು. ಹಾಡುವಾಗ ಅವಳ ಮುಖ ಹೇಗಿತ್ತು ಎಂದು, ಜನರ ನಡುವೆ ನಿಂತು ನೋಡಿದ್ದ ಭಾವನನ್ನು ಕೇಳಿದ.

ಭಾವ ಎತ್ತಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. "ಅದನ್ನ ಹೇಗೆ ಹೇಳಲಿ ಮಾರಾಯ," ಎಂದ. "ಇಷ್ಟು ವರ್ಷ ಒಂದೇ ಮನೇಲಿದ್ದೀವಿ. ಇವಳ ಹತ್ರ ಇನ್ನು ಮೇಲೆ ಯಾವ ಧೈರ್ಯದ ಮೇಲೆ ಕಾಫಿ ಕೇಳೋದು ಅಂತ ಯೋಚಿಸ್ತಿದೀನಿ."

ಅಕ್ಕ ಈಗಲೂ ಸೀಟು ಕವರ್ ಹೊಲಿಯುತ್ತಾಳೆ. ಗಂಟಲಿನ ಡಾಕ್ಟರಮ್ಮ ವಾರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಾಡಕೂಡದೆಂದು ಕಟ್ಟುನಿಟ್ಟು ಮಾಡಿದ್ದಾರೆ. ಆ ಅರ್ಧ ಗಂಟೆಗಾಗಿ ದೂರದೂರದಿಂದ ಜನ ಬಂದು ಗ್ಯಾರೇಜಿನ ಮುಂದೆ ನಿಲ್ಲುತ್ತಾರೆ. ಷಟರ್ ಈಗ ಎಳೆಯುವುದಿಲ್ಲ. ಅವಳು ಮೊದಲ ಉಸಿರು ಎಳೆದುಕೊಳ್ಳುವಾಗ ತಮ್ಮ ಡ್ರಮ್ಮಿನ ಕಡ್ಡಿಗಳನ್ನು ಮೇಲೆತ್ತಿ ಹಿಡಿದು ಕಾಯುತ್ತಾನೆ, ಪ್ರತಿ ಸಲವೂ ಅವನ ಅಂಗೈ ಬೆವರಿರುತ್ತದೆ.