ಅಕ್ಕನ ನುಗ್ಗೆಸೊಪ್ಪಿನ ಚಹಾ

ಅಕ್ಕ ಹೇಳಿಕೊಟ್ಟಂತೆ ಆ ಚಹಾವನ್ನು ನಾನು ಒಮ್ಮೆಯೂ ಮಾಡಲಿಲ್ಲ. ಮಾಡದೆ, ಅವಳ ಸೊಪ್ಪೇ ಸರಿಯಿಲ್ಲ ಎಂದುಬಿಟ್ಟೆ.

ಶಿಕಾರಿಪುರದ ಮಾರುಕಟ್ಟೆ ಯಾರ್ಡಿನ ಎದುರು ನನ್ನದೊಂದು ಚಹಾದಂಗಡಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಒಲೆಯ ಕೆಲಸ ಒಲಿಯಿತು. ಅಕ್ಕನನ್ನು ಸೊರಬದ ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಬಸ್ಸಿಳಿದು ಬಂದವಳು ಮೊದಲು ನನ್ನ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸುತ್ತಾಳೆ. ನನಗೆ ಮೊಮ್ಮಗು ಹುಟ್ಟಿದರೂ ಆ ಅಭ್ಯಾಸ ಬಿಟ್ಟಿಲ್ಲ. ಮಂಡಿನೋವಿನಿಂದ ಗದ್ದೆಗಿಳಿಯುವುದು ನಿಂತ ಮೇಲೆ ಅವಳು ಕೂತಲ್ಲೇ ಮಾಡುವ ಕೆಲಸವೊಂದನ್ನು ಹುಡುಕಿಕೊಂಡಳು. ಹಿತ್ತಲಿನ ನುಗ್ಗೆಸೊಪ್ಪು, ತುಳಸಿ, ನಿಂಬೆಯ ಘಮದ ಮಜ್ಜಿಗೆಹುಲ್ಲನ್ನು ತೊಳೆದು, ಹಳೆಯ ಸೀರೆಯ ಮೇಲೆ ನೆರಳಲ್ಲಿ ಒಣಗಿಸಿ, ಕೈಯಲ್ಲೇ ತಿಕ್ಕಿ ಡಬ್ಬಿಗೆ ತುಂಬಿದಳು. ನನ್ನ ಅಂಗಡಿಯಲ್ಲಿ ಓಡಿದರೆ ಇನ್ನಷ್ಟು ಮಾಡುವ ಆಸೆ ಅವಳಿಗೆ. ಒಂದು ಡಬ್ಬಿ ತಂದು ನನ್ನ ಕೈಗಿಟ್ಟಳು.

"ಕುದಿಸಬೇಡ ಮಾರಾಯ್ತಿ. ಬಿಸಿನೀರು ಹೊಯ್ದು ಮುಚ್ಚಿಡು. ಬಣ್ಣ ಬಿಟ್ಟ ಮೇಲೆ ಸೋಸು. ಹಾಲು ಹಾಕಿದ್ಯೋ, ನೋಡು ಮತ್ತೆ!"

"ನಂಗೇ ಚಾ ಮಾಡೋದು ಕಲಿಸ್ತೀಯಾ?" ಎಂದು ನಕ್ಕೆ.

ಬೆಳಿಗ್ಗೆ ಲಾರಿಯವರು, ಹಮಾಲರು ಮುತ್ತಿಕೊಂಡಾಗ ಮುಚ್ಚಿಟ್ಟು ಕಾಯುವ ತಾಳ್ಮೆ ನನಗೆಲ್ಲಿ? ಸೊಪ್ಪನ್ನು ಚಹಾಪುಡಿಯ ಹಾಗೆ ಹಾಲಿಗೇ ಸುರಿದು ಕೊತಕೊತ ಕುದಿಸಿದೆ. ದಿನಾ ಬರುವ ಹಮಾಲನೊಬ್ಬ ಮೊದಲ ಗುಟುಕಿಗೇ ಮುಖ ಹಿಂಡಿದ.

"ಏನ್ರೀ ಸಾವ್ಕಾರ್ತಿ, ಸೊಪ್ಪಿನ ಸಾರಿಗೆ ಹಾಲು ಹಾಕೀರೇನು? ಹಂಗಾರೆ ಮುದ್ದೆನೂ ಕೊಡ್ರಿ!"

ಅಂಗಡಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಸಂಜೆ ಅಕ್ಕ ಫೋನಿನಲ್ಲಿ, "ಕುಡಿದವ್ರು ಏನಂದ್ರೇ?" ಎಂದು ಕೇಳಿದಾಗ ಅದೇ ಸಿಟ್ಟಿನಲ್ಲಿ, "ನಿನ್ನ ಸೊಪ್ಪೇ ಕಹಿ ಕಣಕ್ಕ, ಯಾರೂ ಕುಡೀಲಿಲ್ಲ" ಅಂದೆ. "ಬಲಿತ ಎಲೆ ಬಂದಿರ್ಬೇಕು. ನಂದೇ ತಪ್ಪು" ಅಂದಳು.

ದೀಪಾವಳಿ ಮುಗಿದ ಮೇಲೆ ಹೊಸ ಡಬ್ಬಿ ಹಿಡಿದು ತಾನೇ ಬಂದಳು. ನನ್ನನ್ನು ಒಲೆಯಿಂದ ಸರಿಸಿ, ಹೊಸ ಡಬ್ಬಿಯ ಸೊಪ್ಪನ್ನು ಪಾತ್ರೆಗೆ ಹಾಕಿ ಬಿಸಿನೀರು ಹೊಯ್ದು ತಟ್ಟೆ ಮುಚ್ಚಿದಳು. ಸೋಸಿ, ಚೂರು ಬೆಲ್ಲ ಹಾಕಿ, ಎದುರಿಗಿದ್ದ ಅದೇ ಹಮಾಲನಿಗೆ ಕೊಟ್ಟಳು. ಅವನು ಅನುಮಾನದಿಂದಲೇ ಮೂಸಿದ, ಕುಡಿದ, ಲೋಟ ಚಾಚಿದ. "ಇದು ಚಲೋ ಐತಿ ನೋಡ್ರಿ. ಇನ್ನೊಂಚೂರು ಹಾಕ್ರಿ."

ಅಕ್ಕನ ಮುಖ ಅರಳಿತು. "ಈ ಸಲ ಎಳೇ ಚಿಗುರು ಮಾತ್ರ ಕಿತ್ತೆ ಕಣೆ. ದಂಟೆಲ್ಲ ಒಂದೊಂದೇ ಆರಿಸಿ ಕಣ್ಣುರಿ ಬಂತು. ಮನೇಲಿ ಉಳಿದಿದ್ದ ಹಳೇದನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದೆ. ನಂಗೆ ಒಣಗಿಸೋಕೇ ಬರ್ತಿರಲಿಲ್ಲ ನೋಡು."

ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ಮಾಡದ ತಪ್ಪನ್ನು ಅವಳು ಅಷ್ಟು ಸಂತೋಷವಾಗಿ ಹೊತ್ತುಕೊಳ್ಳುವುದನ್ನು ನೋಡಲಾಗಲಿಲ್ಲ. ಜನ ಇದ್ದರು. ಇರಲಿ ಎಂದುಕೊಂಡೆ.

"ಅಕ್ಕಾ, ಆ ಸೊಪ್ಪೂ ಚಲೋನೇ ಇತ್ತು. ಹಾಲಲ್ಲಿ ಕುದಿಸಿ ಕೆಡಿಸಿದವಳು ನಾನು. ನಿನ್ನ ಮೇಲೆ ಹಾಕಿದೆ. ತಪ್ಪಾತಕ್ಕ, ಹೊಟ್ಟೆಗೆ ಹಾಕ್ಕೋ."