ವತ್ಸಲಕ್ಕ ಎಣ್ಣೆ ಮೂಸಿದ ಭಾನುವಾರ

ಆ ಭಾನುವಾರ ಕಾಕ್ಕನಾಡಿನ ನಮ್ಮ ಫ್ಲಾಟಿನಲ್ಲಿ ನಾನು, ಅವ್ವ, ತಮ್ಮ ಶ್ರೀಧರ ಇದ್ದೆವು. ತಿರುವನಂತಪುರದಿಂದ ಬಂದ ನಮ್ಮ ಹಳೆಯ ಪರಿಚಯದ ವತ್ಸಲಕ್ಕ ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ಹೋಗಿ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಯಾರ ಮನೆಗೆ ಹೋದರೂ ಅವರ ಮೊದಲ ಕುಶಲ ಪ್ರಶ್ನೆ ಎಣ್ಣೆಗೇ. ಕಾಸರಗೋಡಿನ ಕಡೆಯವರು, ನಾವು ತಿನ್ನುವ ಕೊಬ್ಬಿಗೂ ಮನಸ್ಸಿನ ಖಿನ್ನತೆಗೂ ಏನು ನಂಟು ಎಂದು ಪ್ರಯೋಗಾಲಯದಲ್ಲಿ ಹುಡುಕುತ್ತಲೇ ತಲೆ ನೆರೆಸಿಕೊಂಡವರು. ಹಾಗಂತ ಪಥ್ಯದ ಮುಖವಲ್ಲ. ಅವಿಯಲ್ ಮೇಲೆ ಹಸಿ ತೆಂಗಿನೆಣ್ಣೆ ಸುರಿದುಕೊಂಡು, "ನಾಲಗೆಗೂ ಸ್ವಲ್ಪ ಮರ್ಯಾದೆ ಬೇಡವಾ ಮಾರಾಯ್ತಿ?" ಎನ್ನುತ್ತಿದ್ದರು.

ಅವತ್ತು ಡಬ್ಬಿಯಲ್ಲಿದ್ದದ್ದು ಧಾರವಾಡದಿಂದ ತರಿಸಿದ ಕುಸುಬಿ ಎಣ್ಣೆ. ಮಟ್ಟಾಂಚೇರಿಯ ಬ್ಯಾಂಕಿಗೆ ವರ್ಗವಾಗಿ ಬಂದ ಮೇಲೆ ಶ್ರೀಧರ ಮಾತು ಬಿಟ್ಟಿದ್ದ. ಬೇಕರಿಯ ಕರಿದ ತಿಂಡಿಯೊಂದೇ ಅವನ ಊಟ, ಆಮೇಲೆ ಗೋಡೆಗೆ ಮುಖ. ಇಲ್ಲಿಯ ತೆಂಗಿನೆಣ್ಣೆ ಮಗನ ಮೈಗೆ ಹತ್ತಲಿಲ್ಲ ಎಂಬುದು ಅವ್ವನ ತೀರ್ಮಾನ. ನಾವೂ ಹೂಂ ಅಂದಿದ್ದೆವು. ಡಾಕ್ಟರಿಗಿಂತ ಎಣ್ಣೆ ಬದಲಿಸುವುದು ಸುಲಭ ನೋಡಿ.

"ಯಾವ ಎಣ್ಣಿ ಹಾಕ್ಲಿ ಹೇಳ್ರಿ ಅಕ್ಕಾರ, ಅದನ್ನ ತರಸ್ತೀನಿ" ಎಂದಳು ಅವ್ವ.

ಆಯುಷ್ಯವೆಲ್ಲ ಅದನ್ನೇ ಓದಿದವರು ಒಂದು ಹೆಸರು ಹೇಳಿದ್ದರೆ ನಾವು ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ವತ್ಸಲಕ್ಕ ಡಬ್ಬಿ ಮುಚ್ಚಿಟ್ಟರು. "ನಂಟು ಉಂಟಮ್ಮ. ಆದರೆ ಕರಿದದ್ದು ತಿಂದು ಮನಸ್ಸು ಕುಗ್ಗುವುದೋ, ಮನಸ್ಸು ಕುಗ್ಗಿದವ ಕರಿದದ್ದು ತಿನ್ನುವುದೋ, ನನಗೇ ಪೂರ್ತಿ ತಿಳಿಯಲಿಲ್ಲ. ತಿಳಿಯದ್ದನ್ನು ನಿಮ್ಮ ಮಗನ ಮೇಲೆ ಪರೀಕ್ಷೆ ಮಾಡಲಿಕ್ಕಿಲ್ಲ." ಆಮೇಲೆ ಶ್ರೀಧರನ ಪಕ್ಕ ಕೂತು, ನಿದ್ದೆ ಬರ್ತದಾ ಎಂದು ಕೇಳಿದರು.

ಅವನು ಗೋಡೆಯಿಂದ ಮುಖ ತಿರುಗಿಸಿದ. "ಬೆಳಗಾಗೋದ ಬ್ಯಾಡ ಅನಸ್ತದ್ರಿ" ಎಂದ.

ನಿದ್ದೆ ಬರ್ತದಾ ಎಂದು ನಾವ್ಯಾರೂ ಅವನನ್ನು ಕೇಳಿರಲೇ ಇಲ್ಲ.

ವತ್ಸಲಕ್ಕ ಅಂದು ಊರಿಗೆ ಮರಳಲಿಲ್ಲ. ಮರುದಿನ ಅವನನ್ನು ತಾವೇ ಆಟೋದಲ್ಲಿ ಮನೋವೈದ್ಯರ ಬಳಿಗೆ ಕರೆದೊಯ್ದು, ಹೊರಗೆ ಬೆಂಚಿನ ಮೇಲೆ ಕಾದರು. ಎಣ್ಣೆಯ ಹೆಸರು ಹೇಳಲಿಲ್ಲವೆಂದು ಮುನಿಸಿಕೊಂಡ ಅವ್ವನಿಗೂ ಕೆಲಸ ಕೊಟ್ಟರು: ಅಗಸಿ ಚಟ್ನಿ. ಅದರಲ್ಲಿ ಒಳ್ಳೆಯ ಕೊಬ್ಬುಂಟಂತೆ. "ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ" ಎಂದು ಬೆರಳೆತ್ತಿ ಹೇಳಿಯೇ ರೈಲು ಹತ್ತಿದರು.

ಶ್ರೀಧರ ಚೇತರಿಸಿಕೊಳ್ಳಲು ಕಾಲ ಹಿಡಿಯಿತು, ನಡುವೆ ಒಮ್ಮೆ ಜಾರಿದ್ದೂ ಉಂಟು. ಹೋದ ಓಣಂ ಹಬ್ಬ ಮುಗಿದ ಮರುವಾರ ವತ್ಸಲಕ್ಕ ತೀರಿಕೊಂಡ ಸುದ್ದಿ ಬಂತು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವನು ಒಬ್ಬನೇ ಸ್ಟೇಷನ್ನಿಗೆ ಹೊರಟುಹೋಗಿದ್ದ. ತಿರುವನಂತಪುರದಲ್ಲಿ ಅವರ ಚಟ್ಟಕ್ಕೆ ಹೆಗಲು ಕೊಟ್ಟು, ಮರುದಿನ ಬೆಳಿಗ್ಗೆ ಮನೆಗೆ ಬಂದು, ಸ್ನಾನ ಮಾಡಿ ಕೆಲಸಕ್ಕೆ ಹೋದ.